ಬರೆದವರೇ ಬರೆಯಲಿ, ಇನ್ನೊಂದು ಕಣ್ಣು ನೋಡಲಿ

ಚಿಕ್ಕಬಳ್ಳಾಪುರದಲ್ಲಿ ಆದಾಯ ತೆರಿಗೆ ಕೆಲಸ ನೋಡುವ ಆಡಿಟರ್ ಒಬ್ಬರು. ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಮೇಷ್ಟ್ರು ಇನ್ನೊಬ್ಬರು. ತಮ್ಮ ರಿಟರ್ನ್ ತಾವೇ ಸಲ್ಲಿಸುವವರು, ಸಹೋದ್ಯೋಗಿಗಳಿಗೂ ಕಲಿಸುವವರು. 2025ರ ಡಿಸೆಂಬರ್ ಮೊದಲ ವಾರ ಇಬ್ಬರ ನಡುವೆ ನಡೆದ ಮಾತು ಇದು.

ಮೇಷ್ಟ್ರು: ಮೇಡಂ, ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಲಾಖೆಯ ಪೋರ್ಟಲ್ ಪುಕ್ಕಟೆ. ಸಂಬಳ, ಟಿಡಿಎಸ್, ಬ್ಯಾಂಕಿನ ಬಡ್ಡಿ ಎಲ್ಲ ಮೊದಲೇ ತುಂಬಿ ಬರುತ್ತದೆ. ನೋಡಿ, ಒಪ್ಪಿ, ಆಧಾರ್ ಒಟಿಪಿ ಹಾಕಿದರೆ ಮುಗಿಯಿತು. ಹೀಗಿರುವಾಗ ಸರ್ಕಾರಿ ಮೇಷ್ಟ್ರೊಬ್ಬ ಆಡಿಟರ್ ಹತ್ತಿರ ಯಾಕೆ ಬರಬೇಕು?

ಆಡಿಟರ್: ತುಂಬಿಸಿಕೊಳ್ಳುವುದಕ್ಕಾದರೆ ಬರಬೇಕಾಗಿಲ್ಲ ಸಾರ್. ನಮ್ಮಲ್ಲಿಗೆ ಬರುವವರಿಗೂ ಇದನ್ನೇ ಹೇಳುತ್ತೇನೆ. ಸಂಬಳದ ರಿಟರ್ನ್ ತಾವೇ ತುಂಬುವುದನ್ನು ಕಲಿತವರಿಗೆ ತಮ್ಮ ಹಣದ ಲೆಕ್ಕ ತಮಗೇ ತಿಳಿದಿರುತ್ತದೆ. ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಾನು ಕೇಳುವುದು ಇಷ್ಟೇ: ಬರೆದದ್ದನ್ನು ಸಲ್ಲಿಸುವ ಮುಂಚೆ ಬಲ್ಲವರೊಬ್ಬರಿಗೆ ತೋರಿಸಿ.

ಮೇಷ್ಟ್ರು: ಪೋರ್ಟಲ್ಲೇ ಪರೀಕ್ಷೆ ಮಾಡುತ್ತದಲ್ಲ? ಕೂಡುವುದು ತಪ್ಪಿದರೆ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ, ಮುಂದಕ್ಕೆ ಹೋಗಲು ಬಿಡುವುದಿಲ್ಲ.

ಆಡಿಟರ್: ಬರೆದ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪೋರ್ಟಲ್ ನೋಡುತ್ತದೆ. ಬರೆಯದೆ ಬಿಟ್ಟಿದ್ದು ಏನು ಎಂದು ಅದಕ್ಕೆ ತಿಳಿಯುವುದಿಲ್ಲ. ನೀವು ಇವತ್ತು ತಂದಿರುವ ಪ್ರತಿಯನ್ನೇ ನೋಡೋಣ. ಯಾರದು ಇದು?

ಮೇಷ್ಟ್ರು: ನಮ್ಮ ಶಾಲೆಯ ಸಹೋದ್ಯೋಗಿಯದು. ತೋರಿಸಿಕೊಂಡು ಬನ್ನಿ ಎಂದು ಅವರೇ ಕೊಟ್ಟರು. ಅವರ ಊರು ಶಿಡ್ಲಘಟ್ಟದ ಕಡೆ. ಈ ವರ್ಷ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಆಮೇಲೆ 16ಕ್ಕೆ ಮುಂದೆ ಹಾಕಿದರಲ್ಲ, ಅಷ್ಟರೊಳಗೆ ತಾವೇ ಕೂತು ಸಲ್ಲಿಸಿದ್ದಾರೆ. ಐಟಿಆರ್-1. ಹೊಸ ಪದ್ಧತಿ. ಸಂಬಳ 8,75,000. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು 8 ಲಕ್ಷ. ಒಂದು ಪೈಸೆ ವ್ಯತ್ಯಾಸವಿಲ್ಲ.

ಆಡಿಟರ್: ಇಲ್ಲಿ ನೋಡಿ, ವಿನಾಯಿತಿ ಆದಾಯದ ಪಟ್ಟಿ. ಕೃಷಿ ಆದಾಯ, 5,000 ರೂಪಾಯಿ. ಗುಂಡಾದ ಅಂಕಿ. ಇವರಿಗೆ ಜಮೀನು ಎಷ್ಟಿದೆ?

ಮೇಷ್ಟ್ರು: ಮೂರು ಎಕರೆ. ಹಿಪ್ಪುನೇರಳೆ ತೋಟ, ಒಂದಷ್ಟು ಟೊಮ್ಯಾಟೊ. ಹುಳು ಸಾಕುವುದಿಲ್ಲ, ಸೊಪ್ಪು ಮಾರುತ್ತಾರೆ. ಆ ವರ್ಷ ಖರ್ಚು ಕಳೆದು 2 ಲಕ್ಷ ಉಳಿಯಿತು ಎಂದು ನನಗೇ ಹೇಳಿದ್ದರು.

ಆಡಿಟರ್: ಮತ್ತೆ 5,000 ಯಾಕೆ ಬರೆದರು?

ಮೇಷ್ಟ್ರು: ಫಾರಂ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಲಿಲ್ಲವಂತೆ. ಕೃಷಿಗೆ ಹೇಗೂ ತೆರಿಗೆ ಇಲ್ಲವಲ್ಲ ಎಂದು ಅಷ್ಟೇ ಹಾಕಿ ಮುಂದಕ್ಕೆ ಹೋದರು.

ಆಡಿಟರ್: ನಮ್ಮ ಜಿಲ್ಲೆಯಲ್ಲಿ ಇದು ತುಂಬ ಸಾಮಾನ್ಯ. ಪೋರ್ಟಲ್ ತಡೆದದ್ದು ಸರಿಯಾಗಿಯೇ ತಡೆಯಿತು. ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2ಕ್ಕೆ ಹೋಗಬೇಕು. ಆದರೆ ಯಾಕೆ ತಡೆಯಿತು ಎಂದು ಅವರ ಪಕ್ಕದಲ್ಲಿ ಕೂತು ಹೇಳುವವರು ಇರಲಿಲ್ಲ. ಅಂಕಿಯನ್ನು ಫಾರಂಗೆ ಹೊಂದಿಸಿಬಿಟ್ಟರು. ಅಂಕಿಗೆ ತಕ್ಕ ಫಾರಂ ಹುಡುಕಬೇಕಿತ್ತು.

ಮೇಷ್ಟ್ರು: ಫಾರಂ ಬದಲಾಯಿತು, ಸರಿ. ತೆರಿಗೆಯಲ್ಲಿ ಏನಾದರೂ ವ್ಯತ್ಯಾಸವಾಗುತ್ತದೆಯೇ? ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ಕಾನೂನೇ ತಾನೆ?

ಆಡಿಟರ್: ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ, 10(1)ನೇ ಕಲಂ. ಆದರೆ ಉಳಿದ ಆದಾಯಕ್ಕೆ ಯಾವ ದರ ಎಂದು ತೀರ್ಮಾನಿಸುವಾಗ ಅದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ. ಕೃಷಿ ಆದಾಯ 5,000 ಮೀರಿ, ಉಳಿದ ಆದಾಯವೂ ತೆರಿಗೆ ಇಲ್ಲದ ಮಿತಿಯನ್ನು ಮೀರಿದಾಗ ಮಾತ್ರ. ಬರೆದುಕೊಳ್ಳಿ. 2024-25ರ ಆದಾಯ, ಹೊಸ ಪದ್ಧತಿ. 8 ಲಕ್ಷಕ್ಕೆ 2 ಲಕ್ಷ ಸೇರಿಸಿ 10 ಲಕ್ಷ. ಮೊದಲ 3 ಲಕ್ಷಕ್ಕೆ ಏನೂ ಇಲ್ಲ, 3ರಿಂದ 7ರವರೆಗೆ ಶೇ 5ರಂತೆ 20,000, 7ರಿಂದ 10ರವರೆಗೆ ಶೇ 10ರಂತೆ 30,000. ಒಟ್ಟು 50,000. ಈಗ ಕೃಷಿಯ 2 ಲಕ್ಷಕ್ಕೆ ಆ 3 ಲಕ್ಷದ ಮಿತಿ ಕೂಡಿಸಿ: 5 ಲಕ್ಷ. ಅದರ ತೆರಿಗೆ 10,000. ಐವತ್ತರಲ್ಲಿ ಹತ್ತು ಕಳೆದರೆ?

ಮೇಷ್ಟ್ರು: 40,000. ಇವರು ಕಟ್ಟಿರುವುದು 8 ಲಕ್ಷದ ಮೇಲಿನ 30,000 ಮತ್ತು ಸೆಸ್. ಅಂದರೆ 10,000 ಕಡಿಮೆ.

ಆಡಿಟರ್: ಶೇ 4ರ ಸೆಸ್ ಸೇರಿ 10,400. ಅದರ ಮೇಲೆ ತಿಂಗಳಿಗೆ ಶೇ 1ರ ಲೆಕ್ಕದಲ್ಲಿ ಬಡ್ಡಿ. ಸೊಪ್ಪಿನ ಹಣಕ್ಕೆ ತೆರಿಗೆ ಬೀಳಲಿಲ್ಲ ನೋಡಿ, ಸಂಬಳ ಮೇಲಿನ ಹಂತದ ದರಕ್ಕೆ ಏರಿತು. ಇದು ಪೋರ್ಟಲ್‌ಗೆ ಗೊತ್ತಿಲ್ಲ ಎಂದಲ್ಲ. 2 ಲಕ್ಷ ಎಂದು ಬರೆದಿದ್ದರೆ ಅದೇ ಲೆಕ್ಕ ಹಾಕುತ್ತಿತ್ತು. ಬರೆಯಬೇಕು ಎಂಬುದು ಇವರಿಗೆ ಗೊತ್ತಿರಲಿಲ್ಲ.

ಮೇಷ್ಟ್ರು: ಅವರು ಹುಳು ಸಾಕಿ ಗೂಡು ಮಾರಿದ್ದರೆ? ಶಿಡ್ಲಘಟ್ಟದಲ್ಲಿ ಅದೂ ಬೇಸಾಯವೇ ಅಲ್ಲವೇ?

ಆಡಿಟರ್: ಊರಿನ ಮಾತಿನಲ್ಲಿ ಬೇಸಾಯವೇ. ತೆರಿಗೆ ಕಾನೂನು ಪೂರ್ತಿಯಾಗಿ ಹಾಗೆ ಒಪ್ಪುವುದಿಲ್ಲ. ಹಿಪ್ಪುನೇರಳೆ ಬೆಳೆಯುವವರೆಗೆ ಕೃಷಿ. ಆ ಸೊಪ್ಪನ್ನು ಹುಳುವಿಗೆ ಹಾಕಿ ಗೂಡು ತೆಗೆದು ಮಾರಿದರೆ ಆದಾಯ ಎರಡು ಭಾಗವಾಗುತ್ತದೆ. 1962ರ ಆದಾಯ ತೆರಿಗೆ ನಿಯಮಗಳಲ್ಲಿ 7ನೇ ನಿಯಮ ಇರುವುದು ಇಂಥದ್ದಕ್ಕೇ: ಸ್ವಂತ ತೋಟದ ಸೊಪ್ಪಿಗೆ ಮಾರುಕಟ್ಟೆ ಬೆಲೆ ಕಟ್ಟಿ ಗೂಡಿನ ಹಣದಿಂದ ಕಳೆಯಬೇಕು. ಸಾಕಣೆಯ ಖರ್ಚೂ ಹೋಗಿ ಉಳಿದದ್ದು ವ್ಯವಹಾರದ ಆದಾಯ. ಚಾಕಿ ಹುಳು ತಂದದ್ದು, ಕೂಲಿ, ಗೂಡು ಕಟ್ಟಿಸುವ ಚಂದ್ರಿಕೆಯ ಬಾಡಿಗೆ ಎಲ್ಲ ಆ ಖರ್ಚಿನಲ್ಲಿ ಬರುತ್ತದೆ. ಹಾಲಿನದೂ ಹೀಗೆಯೇ. ಡೇರಿಗೆ ಹಾಲು ಹಾಕಿ ಹದಿನೈದು ದಿನಕ್ಕೊಮ್ಮೆ ಬಟವಾಡೆ ತೆಗೆದುಕೊಳ್ಳುವ ಮನೆಯವರು ಅದನ್ನು ಕೃಷಿ ಆದಾಯ ಎಂದೇ ಬರೆಯುತ್ತಾರೆ. ಕಾನೂನಿನ ಪ್ರಕಾರ ಹೈನುಗಾರಿಕೆ ಕೃಷಿ ಅಲ್ಲ.

ಮೇಷ್ಟ್ರು: ನೀವು ಹೇಳುವುದನ್ನು ಕೇಳಿದರೆ, ತೋರಿಸಿದಷ್ಟೂ ತೆರಿಗೆ ಹೆಚ್ಚಾಗುತ್ತದೆ ಎಂದಾಯಿತು. ಜನ ತೋರಿಸುವುದಕ್ಕೆ ಹಿಂಜರಿದರೆ ತಪ್ಪೇನು?

ಆಡಿಟರ್: ಕಡಿಮೆ ಕಟ್ಟಿದವರನ್ನು ಹಿಡಿಯುವುದಷ್ಟೇ ಮರುಪರಿಶೀಲನೆ ಎಂದುಕೊಂಡರೆ ಹಾಗೆ ಅನಿಸುತ್ತದೆ. ನಿಮ್ಮ ಗೌರಿಬಿದನೂರಿನ ಕಡೆಯದೇ ಒಂದು ಮಾದರಿ ತೆಗೆದುಕೊಳ್ಳಿ. ಒಬ್ಬ ರೈತರು ನಗರಸಭೆಯ ಗಡಿಯಿಂದ ಐದಾರು ಕಿಲೋಮೀಟರ್ ಆಚೆಯ ಜಮೀನು ಮಾರಿದರು ಎನ್ನಿ. ನೋಂದಣಿ 60 ಲಕ್ಷಕ್ಕೆ. 30 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ನೋಂದಣಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಅದು ಅವರ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್‌ನಲ್ಲಿ ಬಂದು ಕೂರುತ್ತದೆ. ಬೆಂಗಳೂರಿನಲ್ಲಿ ಓದಿದ ಮಗ ಲ್ಯಾಪ್‌ಟಾಪ್ ತೆಗೆದು ಆ 60 ಲಕ್ಷ ನೋಡುತ್ತಾನೆ, ಹೆದರುತ್ತಾನೆ, ಬಂಡವಾಳ ಲಾಭದ ಪಟ್ಟಿಯಲ್ಲಿ ತುಂಬಿ ಲಕ್ಷಗಟ್ಟಲೆ ತೆರಿಗೆ ಕಟ್ಟಿಬಿಡುತ್ತಾನೆ. ಕಟ್ಟಬೇಕಾಗಿರಲಿಲ್ಲ.

ಮೇಷ್ಟ್ರು: ಯಾಕೆ?

ಆಡಿಟರ್: ಗ್ರಾಮೀಣ ಕೃಷಿ ಜಮೀನು ಆದಾಯ ತೆರಿಗೆ ಕಾನೂನಿನಲ್ಲಿ ಬಂಡವಾಳ ಆಸ್ತಿಯೇ ಅಲ್ಲ. ಗ್ರಾಮೀಣ ಯಾವುದು ಎಂಬುದಕ್ಕೆ ಅಳತೆ ಇದೆ. ಊರಿನ ಜನಸಂಖ್ಯೆ 10 ಸಾವಿರ ದಾಟಿ 1 ಲಕ್ಷದೊಳಗಿದ್ದರೆ ಜಮೀನು ಅದರ ನಗರಸಭೆ ಅಥವಾ ಪುರಸಭೆಯ ಗಡಿಯಿಂದ 2 ಕಿಲೋಮೀಟರ್ ಆಚೆ ಇರಬೇಕು. 1 ಲಕ್ಷದಿಂದ 10 ಲಕ್ಷದವರೆಗಾದರೆ 6. ಅದಕ್ಕೂ ಮೇಲಾದರೆ 8. ರಸ್ತೆ ಸುತ್ತಿಕೊಂಡು ಅಳೆಯುವಂತಿಲ್ಲ, ನೇರ ಆಕಾಶಮಾರ್ಗದ ದೂರ. ಜನಸಂಖ್ಯೆಗೆ ಪ್ರಕಟವಾದ ಕೊನೆಯ ಜನಗಣತಿ, ಅಂದರೆ 2011ರದು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ನಾಲ್ಕೂ ಆ ಲೆಕ್ಕದಲ್ಲಿ 10 ಸಾವಿರದ ಮೇಲೆ, 1 ಲಕ್ಷದ ಒಳಗೆ. ಹಾಗಾಗಿ ನಾಲ್ಕಕ್ಕೂ 2 ಕಿಲೋಮೀಟರ್.

ಮೇಷ್ಟ್ರು: ಅಂದರೆ ನಮ್ಮ ನಗರಸಭೆಯ ಗಡಿಯಿಂದ 2 ಕಿಲೋಮೀಟರ್ ದಾಟಿದರೆ ಸಾಕು.

ಆಡಿಟರ್: ನಿಮ್ಮ ತಾಲ್ಲೂಕಿಗೆ ಮಾತ್ರ ಅಷ್ಟು ಸಾಲದು. ಕಾನೂನು ಹೇಳುವುದು ಯಾವುದೇ ನಗರಸಭೆ, ಪುರಸಭೆಯ ಗಡಿ ಎಂದು, ರಾಜ್ಯ ಯಾವುದು ಎಂದು ಕೇಳುವುದಿಲ್ಲ. ಗಡಿಯಾಚೆ ಹಿಂದೂಪುರವಿದೆ. 2011ರಲ್ಲೇ ಅದರ ಜನಸಂಖ್ಯೆ 1 ಲಕ್ಷ ಮೀರಿತ್ತು. ಅಲ್ಲಿಂದ 6 ಕಿಲೋಮೀಟರ್ ಒಳಗೆ ಬೀಳುವ ಗೌರಿಬಿದನೂರು ತಾಲ್ಲೂಕಿನ ಜಮೀನು ಕರ್ನಾಟಕದ ಪಹಣಿಯಲ್ಲಿದ್ದರೂ ಗ್ರಾಮೀಣ ಅಲ್ಲ. ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ ಕೂತ ಸಲಹೆಗಾರರಿಗೆ ಇದು ಹೊಳೆಯದೇ ಇರಬಹುದು. ಇಲ್ಲಿ ಕೆಲಸ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಆಮೇಲೆ ಪಹಣಿ ತರಿಸಿ ಬೆಳೆಯ ಕಾಲಂ ನೋಡಬೇಕು, ಭೂ ಪರಿವರ್ತನೆ ಆಗಿದೆಯೇ ಎಂದು ಕೇಳಬೇಕು, ದೂರಕ್ಕೆ ತಹಶೀಲ್ದಾರರ ದೃಢೀಕರಣ ತೆಗೆಸಿಡಬೇಕು. ಇದನ್ನೆಲ್ಲ ಮಾಡಿದ ಮೇಲೆ ಲಕ್ಷಗಟ್ಟಲೆ ತೆರಿಗೆ ಬೇಕಿಲ್ಲ ಎಂದಾದರೆ, ತೋರಿಸಿದ್ದರಿಂದ ಆ ಮನೆಗೆ ಆದದ್ದು ನಷ್ಟವೋ ಲಾಭವೋ?

ಮೇಷ್ಟ್ರು: ಒಪ್ಪಿದೆ. ಆದರೂ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ನಮ್ಮ ಶಿಕ್ಷಕರ ಬಳಗದಲ್ಲಿ ಕೆಟ್ಟು ಹೋದ ರಿಟರ್ನ್‌ಗಳೆಲ್ಲ ತಾವೇ ಬರೆದವಲ್ಲ. ರಿಫಂಡ್ ಕೊಡಿಸುತ್ತೇನೆ ಎಂದು ಯಾರೋ ಬರುತ್ತಾರೆ. ಸ್ವಂತ ಮನೆಯಲ್ಲಿ ಇರುವವರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ತೋರಿಸುತ್ತಾರೆ. ಹೆಸರೇ ಕೇಳದ ಪಕ್ಷಕ್ಕೆ ದೇಣಿಗೆ ಕೊಟ್ಟಂತೆ ಬರೆಯುತ್ತಾರೆ. ಬಂದ ಹಣದಲ್ಲಿ ಪಾಲು ತೆಗೆದುಕೊಂಡು ಹೋಗುತ್ತಾರೆ. ನೋಟಿಸ್ ಬಂದಾಗ ಫೋನ್ ಎತ್ತುವುದಿಲ್ಲ. ಇದಕ್ಕಿಂತ ತಾವೇ ತಪ್ಪಾಗಿ ಬರೆದದ್ದು ವಾಸಿಯಲ್ಲವೇ?

ಆಡಿಟರ್: ಖಂಡಿತ ವಾಸಿ. ಅದನ್ನು ನಮ್ಮ ವೃತ್ತಿಯವರು ಗಟ್ಟಿಯಾಗಿ ಹೇಳಬೇಕು. 2018ರ ಏಪ್ರಿಲ್‌ನಲ್ಲೇ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಸಂಬಳದಾರರಿಗೆ ಎಚ್ಚರಿಕೆ ಕೊಟ್ಟಿತ್ತು, ಸುಳ್ಳು ಕಡಿತ ತೋರಿಸಬೇಡಿ, ತೋರಿಸಿಕೊಡುವವರ ಮಾತು ನಂಬಬೇಡಿ ಎಂದು. ಈ ವರ್ಷ ಜುಲೈ 14ರಂದು ಇಲಾಖೆ ದೇಶದ 150 ಕಡೆ ಇಂಥ ಮಧ್ಯವರ್ತಿಗಳ ಮೇಲೆ ಶೋಧ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಬೇಡಿಕೆಗಳನ್ನು ವಾಪಸ್ ತೆಗೆದುಕೊಂಡಿದ್ದಾರೆ ಎಂದೂ ಇಲಾಖೆ ಹೇಳಿತು. ಇನ್ನೊಂದು ಸಂಗತಿಯೂ ಆ ಪ್ರಕಟಣೆಯಲ್ಲಿತ್ತು: ಈ ಮಧ್ಯವರ್ತಿಗಳು ರಿಟರ್ನ್ ಹಾಕುವುದಕ್ಕೆಂದೇ ತಾತ್ಕಾಲಿಕ ಇಮೇಲ್ ಸೃಷ್ಟಿಸಿ ಆಮೇಲೆ ಕೈಬಿಡುತ್ತಿದ್ದರು. ನೋಟಿಸ್ ಬಂದರೂ ಓದುವವರಿಲ್ಲ.

ಮೇಷ್ಟ್ರು: ಶಿಕ್ಷೆ ಮಾತ್ರ ಪ್ಯಾನ್ ಕಾರ್ಡ್ ಯಾರದೋ ಅವರಿಗೆ.

ಆಡಿಟರ್: ಹೌದು, ಯಾಕೆಂದರೆ ಸತ್ಯ ಎಂದು ದೃಢೀಕರಿಸಿದವರು ಅವರು. ನನಗೆ ತಿಳಿದಷ್ಟು ಮಟ್ಟಿಗೆ ಇದು ಸರಿಯಾಗಿದೆ, ಪೂರ್ಣವಾಗಿದೆ ಎಂದು ಕೊನೆಯಲ್ಲಿ ಒಪ್ಪುತ್ತೀರಲ್ಲ, ಆ ಒಟಿಪಿಯೇ ಸಹಿ. ಆದಾಯ ಕಡಿಮೆ ತೋರಿಸಿದ್ದಕ್ಕೆ 270ಎ ಕಲಂ ಪ್ರಕಾರ ಆ ತೆರಿಗೆಯ ಶೇ 50 ದಂಡ. ಸುಳ್ಳು ದಾಖಲೆ, ಸುಳ್ಳು ಕಡಿತ ಎಂದು ತೀರ್ಮಾನವಾದರೆ ಶೇ 200. ಈ ಅಂತರ ಸಣ್ಣದಲ್ಲ. ಆದ್ದರಿಂದ ರಿಫಂಡ್‌ನಲ್ಲಿ ಪಾಲು ಕೇಳುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಚಾರ್ಟರ್ಡ್ ಅಕೌಂಟೆಂಟರ ವೃತ್ತಿ ನಿಯಮದಲ್ಲಿ ಹೀಗೆ ಫಲಿತಾಂಶದ ಮೇಲೆ ಶುಲ್ಕ ಪಡೆಯುವುದು ನಿಷಿದ್ಧ. ನೋಡಿಕೊಡುವುದಕ್ಕೆ ಇಷ್ಟು ಎಂದು ಮೊದಲೇ ಹೇಳಿ, ರಿಫಂಡ್ ಬಂದರೂ ಬರದಿದ್ದರೂ ಅಷ್ಟೇ ತೆಗೆದುಕೊಳ್ಳುವವರ ಹತ್ತಿರ ಹೋಗಿ. ತೆರಿಗೆ ಹೆಚ್ಚು ಕಟ್ಟಬೇಕು ಎಂದು ಹೇಳುವ ಧೈರ್ಯ ಅವರಿಗಿರುತ್ತದೆ.

ಮೇಷ್ಟ್ರು: ಪರಿಶೀಲಿಸುವುದು ಅಂದರೆ ನೀವು ನಿಜವಾಗಿ ಏನು ಮಾಡುತ್ತೀರಿ? ಅಂಕಿಗಳನ್ನು ಇನ್ನೊಮ್ಮೆ ಕೂಡುತ್ತೀರಾ?

ಆಡಿಟರ್: ಕೂಡುವುದು ಕಡಿಮೆ, ಕೇಳುವುದು ಹೆಚ್ಚು. ಮೊದಲು ಎಐಎಸ್ ಮತ್ತು ಟಿಡಿಎಸ್ ವಿವರದ 26ಎಎಸ್ ತೆಗೆದು ಪಾಸ್‌ಬುಕ್ ಪಕ್ಕದಲ್ಲಿ ಇಡಿಸುತ್ತೇನೆ. ಎಐಎಸ್ 2021ರಿಂದ ಇದೆ. ಅದರಲ್ಲಿರುವುದೆಲ್ಲ ಸತ್ಯ ಎಂದು ತಿಳಿಯಬಾರದು. ಅಪ್ಪನ ಹಣ, ಅಪ್ಪನ ಠೇವಣಿ, ಆದರೆ ಮೊದಲ ಹೆಸರು ಮಗಳದು. ಬಡ್ಡಿ ಅವಳ ಪ್ಯಾನ್‌ಗೆ ಬಂದಿರುತ್ತದೆ. ಒಂದೇ ವ್ಯವಹಾರ ಎರಡು ಸಲ ಬಂದಿರುತ್ತದೆ. ಅಲ್ಲೇ ಇದು ನನ್ನದಲ್ಲ, ಇದು ಪುನರಾವರ್ತನೆ ಎಂದು ಉತ್ತರ ದಾಖಲಿಸಲು ಅವಕಾಶವಿದೆ. ತಾವೇ ಬರೆಯುವವರು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಒಂದೋ ಎಲ್ಲ ಒಪ್ಪುತ್ತಾರೆ, ಇಲ್ಲವೇ ಎಲ್ಲ ಬಿಡುತ್ತಾರೆ.

ಮೇಷ್ಟ್ರು: ಆಮೇಲೆ?

ಆಡಿಟರ್: ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುತ್ತೇನೆ. ನಿಮ್ಮಂಥ ನೌಕರರಾದರೆ, ಹಿಂಬಾಕಿ ಬಂತೇ? ಹಿಂದಿನ ವರ್ಷಗಳ ಸಂಬಳ ಒಂದೇ ವರ್ಷ ಬಂದಾಗ 89ನೇ ಕಲಂ ಪರಿಹಾರ ಕೊಡುತ್ತದೆ, ಆದರೆ ಅದಕ್ಕೆ 10ಇ ಎಂಬ ಬೇರೆ ಫಾರಂ ಅನ್ನು ಪೋರ್ಟಲ್‌ನಲ್ಲಿ ರಿಟರ್ನ್‌ಗೆ ಮುಂಚೆ ಸಲ್ಲಿಸಿರಬೇಕು. ರಿಟರ್ನ್‌ನಲ್ಲಿ ಪರಿಹಾರ ಬರೆದು 10ಇ ಮರೆತವರಿಗೆ ಬೆಂಗಳೂರಿನ ಸಂಸ್ಕರಣಾ ಕೇಂದ್ರದಿಂದ 143(1)ರ ಸೂಚನೆ ಬರುತ್ತದೆ, ಪರಿಹಾರ ಇಲ್ಲ, ಬಾಕಿ ಕಟ್ಟಿ ಎಂದು. ಶಿಕ್ಷಕರಲ್ಲಿ ಇದು ಎಷ್ಟು ಸಾಮಾನ್ಯ ಎಂದು ನಿಮಗೇ ಗೊತ್ತು.

ಮೇಷ್ಟ್ರು: ಗೊತ್ತು. ನಮ್ಮಲ್ಲಿ ಇಬ್ಬರಿಗೆ ಬಂದಿದೆ.

ಆಡಿಟರ್: ಇನ್ನೊಂದು ಮಾದರಿ, ಚಿಂತಾಮಣಿ ಕಡೆಯ ಒಬ್ಬ ತಾಯಿ ಎಂದುಕೊಳ್ಳಿ. ಗಂಡ ಸರ್ಕಾರಿ ನೌಕರರಾಗಿದ್ದು ತೀರಿಹೋದರು, ಕುಟುಂಬ ಪಿಂಚಣಿ ಬರುತ್ತದೆ. ಮಗ ಮೊಬೈಲ್‌ನಲ್ಲೇ ರಿಟರ್ನ್ ಹಾಕುತ್ತಾನೆ, ಪಿಂಚಣಿ ತಾನೆ ಎಂದು ಸಂಬಳದ ಜಾಗದಲ್ಲಿ ಬರೆದು 75,000 ಕಳೆಯುತ್ತಾನೆ. ಸ್ವಂತ ನೌಕರಿಯ ಪಿಂಚಣಿಯಾದರೆ ಅದು ಸರಿ. ಕುಟುಂಬ ಪಿಂಚಣಿ ಇತರ ಮೂಲಗಳ ಆದಾಯ. ಅಲ್ಲಿ ಹೊಸ ಪದ್ಧತಿಯಲ್ಲಿ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟೇ ಕಡಿತ. ಮಗನಿಗೆ ಮೋಸದ ಉದ್ದೇಶ ಇರಲಿಲ್ಲ. ಕೇಳುವವರು ಇರಲಿಲ್ಲ. ಮಕ್ಕಳು ಬೆಂಗಳೂರಿನ ಬಹುರಾಷ್ಟ್ರೀಯ ಕಂಪನಿಯಲ್ಲಿದ್ದರೆ ಇನ್ನೊಂದು ಪ್ರಶ್ನೆ: ಕಂಪನಿ ತನ್ನ ಅಮೆರಿಕದ ಷೇರು ಕೊಟ್ಟಿದೆಯೇ? ಕೊಟ್ಟಿದ್ದರೆ ಐಟಿಆರ್-1 ನಡೆಯುವುದಿಲ್ಲ, ವಿದೇಶಿ ಆಸ್ತಿಯ ಪಟ್ಟಿ ತುಂಬಲೇಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿಯ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಉಳಿದದ್ದು 20 ಲಕ್ಷದೊಳಗಿದ್ದರೆ 2024ರ ಅಕ್ಟೋಬರ್‌ನಿಂದ ಆ ದಂಡಕ್ಕೆ ವಿನಾಯಿತಿ ಇದೆ. ಆದರೂ ತೋರಿಸುವ ಹೊಣೆ ತಪ್ಪುವುದಿಲ್ಲ.

ಮೇಷ್ಟ್ರು: ಅಂಗಡಿಯವರ ವಿಷಯ? ಈ ವರ್ಷ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದುಬಿಟ್ಟರು.

ಆಡಿಟರ್: ಅದು ಜಿಎಸ್‌ಟಿ, ನಾವು ಮಾತಾಡುತ್ತಿರುವುದು ಆದಾಯ ತೆರಿಗೆ. ಭಯ ಮಾತ್ರ ಒಂದೇ: ಖಾತೆಗೆ ಬಂದ ಹಣವೆಲ್ಲ ಆದಾಯ ಎಂದು ಯಾರಾದರೂ ಓದಿಬಿಟ್ಟರೆ ಎಂಬುದು. ವಹಿವಾಟು ಬೇರೆ, ಲಾಭ ಬೇರೆ. ಶಿಡ್ಲಘಟ್ಟದ ರೀಲರ್ ಒಬ್ಬರು ಗೂಡು ಕೊಂಡು ನೂಲು ತೆಗೆದು 80 ಲಕ್ಷ ವಹಿವಾಟು ಮಾಡಿದರೆ ಕೈಗೆ ಉಳಿಯುವುದು ಅದರಲ್ಲಿ ಸಣ್ಣ ಪಾಲು. ಅವರಿಗಾಗಿಯೇ 44ಎಡಿ ಕಲಂ ಇದೆ. ಬ್ಯಾಂಕ್ ಮೂಲಕ ಬಂದ ವಹಿವಾಟಿನ ಕನಿಷ್ಠ ಶೇ 6, ನಗದಿನ ಶೇ 8 ಆದಾಯ ಎಂದು ತೋರಿಸಿದರೆ ಸಾಕು, ಪುಸ್ತಕ ಬರೆದಿಡಬೇಕಾಗಿಲ್ಲ. 80 ಲಕ್ಷವೂ ಬ್ಯಾಂಕ್ ಮೂಲಕವಾದರೆ 4,80,000. ತಾವೇ ಬರೆಯುವವರು ಇಲ್ಲಿ ಮಾಡುವ ತಪ್ಪು ಒಂದೇ: ವಹಿವಾಟಿನ ಜಾಗದಲ್ಲಿ ಲಾಭ ಬರೆಯುತ್ತಾರೆ. ವಹಿವಾಟು ಐದು ಲಕ್ಷ ಎಂದು ರಿಟರ್ನ್ ಹೇಳುತ್ತದೆ, ಬ್ಯಾಂಕ್ 80 ಲಕ್ಷ ಎಂದು ಹೇಳುತ್ತದೆ. ತೆರಿಗೆ ಸರಿಯಾಗಿ ಕಟ್ಟಿದವರೂ ಕಳ್ಳರಂತೆ ಕಾಣುತ್ತಾರೆ. ಅದೇ ಅಂಕಿಯನ್ನು ಸರಿಯಾದ ಜಾಗಕ್ಕೆ ತಂದರೆ ಅವರು ಯಾರಿಗೂ ಹೆದರಬೇಕಾಗಿಲ್ಲ.

ಮೇಷ್ಟ್ರು: ಈಗ ನಮ್ಮ ಸಹೋದ್ಯೋಗಿಯ ವಿಷಯಕ್ಕೆ ಬರೋಣ. ಸಲ್ಲಿಸಿ ಆಗಿದೆ. ತಿದ್ದಲು ದಾರಿ ಏನು?

ಆಡಿಟರ್: ಡಿಸೆಂಬರ್ 31ರವರೆಗೆ 139(5)ರಲ್ಲಿ ಪರಿಷ್ಕೃತ ರಿಟರ್ನ್ ಹಾಕಬಹುದು. ತೆರಿಗೆ, ಬಡ್ಡಿ ಕಟ್ಟಿ, ಐಟಿಆರ್-2ರಲ್ಲಿ ಸಲ್ಲಿಸಿ, 30 ದಿನದೊಳಗೆ ದೃಢೀಕರಿಸಿದರೆ ಮುಗಿಯಿತು. ಹಳೆಯ ರಿಟರ್ನ್‌ನ ಜಾಗಕ್ಕೆ ಇದು ಬರುತ್ತದೆ. ಆ ದಿನ ದಾಟಿದರೆ ಉಳಿಯುವುದು 2022ರಲ್ಲಿ ಬಂದ ಅಪ್‌ಡೇಟೆಡ್ ರಿಟರ್ನ್. ಅದರ ಅವಧಿಯನ್ನು 2025ರಲ್ಲಿ 24 ತಿಂಗಳಿಂದ 48 ತಿಂಗಳಿಗೆ ಏರಿಸಿದರು, ಆದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ಶೇ 25, ಆಮೇಲೆ 50, 60, 70 ಹೆಚ್ಚುವರಿ ಕಟ್ಟಬೇಕು. ಇನ್ನೊಂದು ಮುಖ್ಯ ಮಾತು: ಅಪ್‌ಡೇಟೆಡ್ ರಿಟರ್ನ್‌ನಲ್ಲಿ ತೆರಿಗೆ ಹೆಚ್ಚಿಸಿಕೊಳ್ಳಬಹುದೇ ಹೊರತು ಇಳಿಸಿಕೊಳ್ಳುವಂತಿಲ್ಲ, ರಿಫಂಡ್ ಕೇಳುವಂತಿಲ್ಲ.

ಮೇಷ್ಟ್ರು: ಹಾಗಾದರೆ ಜಮೀನು ಮಾರಿ ಹೆಚ್ಚು ಕಟ್ಟಿದ ಆ ರೈತರು?

ಆಡಿಟರ್: ಡಿಸೆಂಬರ್ 31ರೊಳಗೆ ಬಂದರೆ ಪರಿಷ್ಕೃತ ರಿಟರ್ನ್, ಸುಲಭ. ತಡವಾದರೆ 264ನೇ ಕಲಂನಲ್ಲಿ ಪ್ರಧಾನ ಆಯುಕ್ತರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಿ ಕಾಯಬೇಕು. ಕಡಿಮೆ ಕಟ್ಟಿದವರಿಗೆ ನಾಲ್ಕು ವರ್ಷ ತೆರೆದಿರುವ ಬಾಗಿಲು, ಹೆಚ್ಚು ಕಟ್ಟಿದವರಿಗೆ ಡಿಸೆಂಬರ್‌ಗೇ ಮುಚ್ಚುತ್ತದೆ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಕಾನೂನು ಬದಲಾಗುವವರೆಗೆ ನಮ್ಮ ಕೈಲಾಗುವುದು ಒಂದೇ, ಸಲ್ಲಿಸುವ ಮುಂಚೆಯೇ ನೋಡಿಸುವುದು. ಸಂಸ್ಕರಣಾ ಕೇಂದ್ರವೇ ಲೆಕ್ಕ ತಪ್ಪಿ ಓದಿದ್ದರೆ ಮಾತ್ರ 154ರಲ್ಲಿ ತಿದ್ದುಪಡಿ ಕೇಳಲು ನಾಲ್ಕು ವರ್ಷ ಇದೆ. ರಿಟರ್ನ್ ದೋಷಪೂರ್ಣ ಎಂದು 139(9)ರ ನೋಟಿಸ್ ಬಂದರೆ 15 ದಿನದಲ್ಲಿ ಉತ್ತರಿಸಬೇಕು. ಮೊಬೈಲ್ ಸಂಖ್ಯೆ ಬೇರೆಯವರದಾಗಿದ್ದರೆ ಆ 15 ದಿನ ಯಾರಿಗೂ ಗೊತ್ತಾಗದೆ ಕಳೆದುಹೋಗುತ್ತದೆ.

ಮೇಷ್ಟ್ರು: ಬರುವ ಏಪ್ರಿಲ್‌ನಿಂದ ಹೊಸ ಕಾಯ್ದೆ ಬರುತ್ತದಂತಲ್ಲ. ಆಗ ಇದೆಲ್ಲ ಸರಳವಾಗುವುದಿಲ್ಲವೇ?

ಆಡಿಟರ್: 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಭಾಷೆ ಸರಳವಾಗಿದೆ, ಕಲಂಗಳ ಸಂಖ್ಯೆ ಬದಲಾಗಿದೆ, ಆದಾಯದ ವರ್ಷ, ತೆರಿಗೆ ನಿರ್ಧರಣೆಯ ವರ್ಷ ಎಂಬ ಎರಡೆರಡು ವರ್ಷದ ಗೊಂದಲ ಹೋಗಿ ಒಂದೇ ತೆರಿಗೆ ವರ್ಷ ಬಂದಿದೆ. ಆದರೆ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ 1961ರ ಕಾಯ್ದೆಯೇ. ಒಂದಷ್ಟು ಕಾಲ ಎರಡೂ ಪಕ್ಕಪಕ್ಕದಲ್ಲಿ ನಡೆಯುತ್ತವೆ. ತಾವೇ ಬರೆಯುವವರಿಗೆ ಇನ್ನೊಂದು ಕಣ್ಣು ಬೇಕಾಗುವುದು ಈಗಲೇ ಹೆಚ್ಚು.

ಮೇಷ್ಟ್ರು: ನಿಮ್ಮ ಮಾತು ಒಪ್ಪಿದರೂ ಒಂದು ತೊಡಕು ಇದೆ. ನೋಡಿಸಲು ಹೋದವರು ಕೊನೆಗೆ ಪಾಸ್‌ವರ್ಡನ್ನೂ ಕೊಟ್ಟು ಬರುತ್ತಾರೆ. ಮುಂದಿನ ವರ್ಷ ತಾವೇ ಬರೆಯುವುದನ್ನು ಬಿಡುತ್ತಾರೆ. ನಾನು ಇಷ್ಟು ವರ್ಷ ಕಲಿಸಿದ್ದು ವ್ಯರ್ಥವಾಗುತ್ತದೆ.

ಆಡಿಟರ್: ನೀವು ಉತ್ತರ ಪತ್ರಿಕೆ ತಿದ್ದುವಾಗ ಏನು ಮಾಡುತ್ತೀರಿ? ಹುಡುಗ ತಪ್ಪು ಮಾಡಿದ ಹೆಜ್ಜೆಯ ಪಕ್ಕದಲ್ಲಿ ಗುರುತು ಹಾಕುತ್ತೀರಿ, ಅವನ ಬದಲು ನೀವೇ ಬರೆಯುವುದಿಲ್ಲ. ನಮ್ಮ ಕೆಲಸವೂ ಹಾಗೇ ನಡೆಯಬೇಕು ಎಂದು ನನ್ನ ಆಸೆ. ಪಾಸ್‌ವರ್ಡ್ ಅವರ ಹತ್ತಿರವೇ ಇರಲಿ. ಪೋರ್ಟಲ್‌ನಲ್ಲಿ ಅವರದೇ ಮೊಬೈಲ್, ಅವರದೇ ಇಮೇಲ್ ಇರಲಿ. ಕೀಲಿಮಣೆಯ ಮುಂದೆ ಅವರು ಕೂರಲಿ, ಪಕ್ಕದ ಕುರ್ಚಿಯಲ್ಲಿ ನಾವು. ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ ಎಂದು ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ, ಒಂದು ಹಾಳೆಯಲ್ಲಿ ಬರೆದು ಕೊಡೋಣ. ಮುಂದಿನ ವರ್ಷ ಅದೇ ಹಾಳೆ ನೋಡಿಕೊಂಡು ಬರೆಯುತ್ತಾರೆ, ನೋಡುವ ಕೆಲಸ ಅರ್ಧವಾಗುತ್ತದೆ.

ಮೇಷ್ಟ್ರು: ಹೀಗೆ ಎಲ್ಲಾದರೂ ನಡೆದಿದೆಯೇ?

ಆಡಿಟರ್: ಅಮೆರಿಕದಲ್ಲಿ ಬಹಳ ವರ್ಷಗಳಿಂದ ಕಡಿಮೆ ಆದಾಯದವರಿಗೆ ಸ್ವಯಂಸೇವಕರು ಉಚಿತವಾಗಿ ರಿಟರ್ನ್ ತಯಾರಿಸಿಕೊಡುವ ವೀಟಾ ಎಂಬ ಯೋಜನೆ ಇದೆ. ಒಬ್ಬರು ತಯಾರಿಸಿದ ರಿಟರ್ನನ್ನು ಸಲ್ಲಿಸುವ ಮುಂಚೆ ಇನ್ನೊಬ್ಬರು, ತೆರಿಗೆದಾರರನ್ನು ಎದುರಿಗೆ ಕೂರಿಸಿಕೊಂಡೇ, ಪರಿಶೀಲಿಸಬೇಕು ಎಂಬುದು ಅಲ್ಲಿನ ಕಡ್ಡಾಯ ನಿಯಮ. ಹಣ ಪಡೆದು ರಿಟರ್ನ್ ತಯಾರಿಸುವವರು ತಮ್ಮ ನೋಂದಣಿ ಸಂಖ್ಯೆ ಹಾಕಿ ಸಹಿ ಮಾಡಲೇಬೇಕು. ಅಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ಸಾಫ್ಟ್‌ವೇರ್‌ನಲ್ಲಿ ತಾವೇ ತುಂಬಿ, ಕೊನೆಗೆ ಶುಲ್ಕ ಕೊಟ್ಟು ತಜ್ಞರಿಂದ ನೋಡಿಸುವವರು ಇದ್ದಾರೆ. ನಮ್ಮಲ್ಲೂ 2006ರಲ್ಲಿ ತೆರಿಗೆ ರಿಟರ್ನ್ ಸಿದ್ಧಪಡಿಸುವವರ ಯೋಜನೆ ಮಾಡಿ ಪದವೀಧರರಿಗೆ ತರಬೇತಿ ಕೊಟ್ಟರು. ಅದು ತಯಾರಿಸಿಕೊಡುವವರ ಯೋಜನೆ. ತಾವೇ ಬರೆದವರದನ್ನು ನೋಡಿಕೊಡುವವರು ಇನ್ನೂ ನಮ್ಮ ಊರುಗಳಲ್ಲಿ ಹುಟ್ಟಬೇಕಾಗಿದೆ.

ಮೇಷ್ಟ್ರು: 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಮೇಲೆ ಕಚೇರಿಗಳು ಹತ್ತಿರ ಬಂದವು. ಈಗ ಕಚೇರಿಯೇ ಫೋನಿನೊಳಗೆ ಬಂದಿದೆ. ಕೇಳುವವರು ಮಾತ್ರ ದೂರವೇ ಉಳಿದರು.

ಆಡಿಟರ್: ಆ ದೂರವನ್ನು ನೀವೂ ನಾವೂ ಕಡಿಮೆ ಮಾಡಬಹುದು. ಮುಂದಿನ ಜೂನ್‌ನಲ್ಲಿ, ಫಾರಂ 16 ಕೈಗೆ ಬಂದ ಕೂಡಲೇ, ನಿಮ್ಮ ಶಾಲೆಯ ಕಂಪ್ಯೂಟರ್ ಕೋಣೆ ಒಂದು ಭಾನುವಾರ ಸಿಗುತ್ತದೆಯೇ? ಶಿಕ್ಷಕರು ತಮ್ಮ ರಿಟರ್ನ್ ಕರಡು ತುಂಬಿ ಉಳಿಸಿಕೊಂಡು ಬರಲಿ, ಪಹಣಿ, ಪಾಸ್‌ಬುಕ್, ಎಐಎಸ್ ಜೊತೆಗಿರಲಿ. ಚಿಂತಾಮಣಿ ಮತ್ತು ಶಿಡ್ಲಘಟ್ಟದಲ್ಲಿ ನನ್ನ ಜೊತೆ ಕಲಿತವರಿದ್ದಾರೆ, ಅವರನ್ನೂ ಕರೆಯುತ್ತೇನೆ.

ಮೇಷ್ಟ್ರು: ಮುಖ್ಯೋಪಾಧ್ಯಾಯರನ್ನು ಕೇಳಿ ಕೋಣೆ ಕೊಡಿಸುವುದು ನನ್ನ ಜವಾಬ್ದಾರಿ. ಶುಲ್ಕ?

ಆಡಿಟರ್: ಆ ಒಂದು ದಿನ ಬೇಡ. ಕಚೇರಿಗೆ ಬಂದು ನೋಡಿಸಿದರೆ ಮೊದಲೇ ಹೇಳಿದ ನಿಗದಿ ಶುಲ್ಕ. ಎರಡರಲ್ಲೂ ಕೊನೆಯ ಒಟಿಪಿ ಅವರದೇ. ತಾನು ಬರೆದದ್ದು ಏನು, ಯಾಕೆ ಎಂದು ಬಲ್ಲವರಿಗೆ ನೋಟಿಸ್ ಬಂದರೆ ಅದು ಉತ್ತರಿಸಬಹುದಾದ ಒಂದು ಪತ್ರ, ಅಷ್ಟೇ. ತೆರಿಗೆ ಕಟ್ಟುವ ಜನ ಇಲಾಖೆಯ ಮುಂದೆ ತಲೆ ಎತ್ತಿ ಮಾತನಾಡಬೇಕಾದರೆ ಈ ತಿಳಿವಳಿಕೆ ಬೇಕು. ಅದನ್ನು ಕೊಡುವುದು ನಮ್ಮ ವೃತ್ತಿಯ ಕರ್ತವ್ಯ.

ಮೇಷ್ಟ್ರು: ಸಹೋದ್ಯೋಗಿಯನ್ನು ಈ ಶನಿವಾರ ಮಧ್ಯಾಹ್ನವೇ ಕಳಿಸುತ್ತೇನೆ. ಪಾಸ್‌ವರ್ಡ್ ಅವರೇ ಹಾಕಲಿ, ಐಟಿಆರ್-2 ಅವರೇ ತುಂಬಲಿ.

ಆಡಿಟರ್: ಪಹಣಿ ತರಲು ಹೇಳಿ. ಸೊಪ್ಪು ಮಾರಿದ ಚೀಟಿಗಳು, ಗೊಬ್ಬರ ಕೊಂಡ ಬಿಲ್ಲು, ಕೂಲಿ ಬರೆದಿಟ್ಟ ಪುಸ್ತಕ ಇದ್ದರೆ ಅದೂ ಇರಲಿ. 2 ಲಕ್ಷ ಎಂಬುದು ಬಾಯಿಲೆಕ್ಕ. ಬರೆಯುವ ಅಂಕಿಗೆ ಆಧಾರ ಬೇಕು. ಕೂತು ಕೂಡಿದಾಗ ಅದು ಒಂದೂವರೆ ಲಕ್ಷವೇ ಆದರೂ ಆಗಬಹುದು. ಎಷ್ಟಾದರೂ ಸರಿ, ನಿಜವಾದದ್ದನ್ನೇ ಬರೆಯೋಣ.